ಪ್ರಧಾನಿಯ ತಾಯಿಯ ತವರು

ಮೊಮ್ಮಗಳ ಫೋನ್ ಬಂದಾಗ ನಾನು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆ.

"ಆಯಿ, ನೀ ನೇಯ್ದ ಶಾಲು ಒಬ್ಬ ಪ್ರಧಾನಿ ಹೆಗಲ ಮ್ಯಾಲ ಬೀಳೂದೈತಿ" ಅಂದಳು.

ಕೈಯಲ್ಲಿದ್ದ ಲಾಳಿಯನ್ನು ಎಲ್ಲಿಟ್ಟೆನೋ ಗೊತ್ತಿಲ್ಲ. ಎದ್ದು ಓಣಿಗೆ ಬಂದು ಕಂಡಕಂಡವರಿಗೆಲ್ಲ ಹೇಳಿದೆ. ಹಾಲು ಹಾಕುವವನಿಗೆ ಹೇಳಿದೆ, ಚಿಮ್ಮಡದ ಕಡೆ ಹೊರಟು ನಿಂತಿದ್ದ ಆಟೋದವನಿಗೂ ಹೇಳಿದೆ. ಒಳಗೆ ಬಂದ ಮೇಲೆ ನಮ್ಮ ಯಜಮಾನರು ಕೇಳಿದರು, "ಯಾವ ದೇಶದ ಪ್ರಧಾನಿ?"

ಕೇಳಿರಲೇ ಇಲ್ಲ. ಅಷ್ಟು ಹಿಗ್ಗು ನನಗೆ.

ನನ್ನ ಮೊಮ್ಮಗಳು ದಿಲ್ಲಿಯಲ್ಲಿ ಕೆಲಸಕ್ಕೆ ಸೇರಿ ಆಗ ಇನ್ನೂ ಬಹಳ ದಿನ ಆಗಿರಲಿಲ್ಲ. ಪರದೇಶದ ದೊಡ್ಡವರು ಬಂದಾಗ ಅವರಿಗೆ ಏನು ಕಾಣಿಕೆ ಕೊಡಬೇಕು ಎಂದು ನೋಡುವ ಕಚೇರಿ ಅವಳದು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ನನಗೆ ಅಂಥದ್ದೂ ಒಂದು ಕಚೇರಿ ಇರುತ್ತದೆ ಎಂಬುದೇ ಗೊತ್ತಿರಲಿಲ್ಲ. ಅಲ್ಲಿಯ ಮೇಲಿನವರು ಯಾವಾಗಲೂ ಒಂದೇ ದೊಡ್ಡ ಅಂಗಡಿಯಿಂದ ಶಾಲು ತರಿಸುತ್ತಿದ್ದರಂತೆ. ಈ ಸಲ ಇವಳು ಎಲ್ಲರ ಮುಂದೆ ಎದ್ದು ನಿಂತು, "ಬನಹಟ್ಟಿಯಲ್ಲಿ ನಮ್ಮ ಅಜ್ಜಿ ನೇಯುತ್ತಾಳೆ, ಅವಳ ಕೈಯಿಂದ ಮಾಡಿಸುತ್ತೇನೆ" ಎಂದು ಹೇಳಿಬಿಟ್ಟಿದ್ದಳು. ಮೇಲಿನವರು ಒಪ್ಪಿದ್ದರು, ಆದರೆ ಹೆಚ್ಚುಕಡಿಮೆಯಾದರೆ ಜವಾಬ್ದಾರಿ ಅವಳದೇ ಎಂದಿದ್ದರು. ಶಾಲು ಕೆಟ್ಟರೆ ನನ್ನ ಹೆಸರೇನೂ ಕೆಡುವುದಿಲ್ಲ, ಬನಹಟ್ಟಿಯ ಮುದುಕಿಯನ್ನು ಯಾರು ಕೇಳುತ್ತಾರೆ? ಕೆಡುವುದು ಅವಳ ಮಾತು.

ಅವಳು ಹೇಳಿದ್ದು ಇಷ್ಟೇ. ಉದ್ದದ ಎಳೆ, ಅಂದರೆ ಹಾಸು, ಹತ್ತಿ; ಅಡ್ಡದ ಎಳೆ, ಹೊಕ್ಕು, ರೇಷ್ಮೆ. ಮೈ ದಾಳಿಂಬೆ ಬಣ್ಣ, ಅಂಚು ಬಿಳಿ. ಸೆರಗಿನಲ್ಲಿ ನಮ್ಮ ಕಡೆಯ ಸೀರೆಗೆ ಇರುವ ಬಿಳಿ ಹಲ್ಲಿನ ಸಾಲು. "ಮತ್ತೇನೂ ಬ್ಯಾಡ ಆಯಿ. ನಿನ್ನ ಕಲೆಗಾರಿಕಿ ತೋರಿಸಾಕ ಹೋಗಬ್ಯಾಡ" ಎಂದು ನಗುತ್ತಾ ಹೇಳಿದಳು. ನಾನೂ ನಕ್ಕೆ.

ಬಣ್ಣ ಹಾಕಿಕೊಟ್ಟವನು ರಬಕವಿಯ ಬಣ್ಣಗಾರ. ಅವನ ಅಪ್ಪನ ಕಾಲದಿಂದಲೂ ನಮ್ಮ ನೂಲಿಗೆ ಅವರ ಮನೆಯದೇ ಬಣ್ಣ. ಅವನು ನನಗೆ ಅಕ್ಕಾರ ಅನ್ನುತ್ತಾನೆ, ನಾನು ಅವನಿಗೆ ತಮ್ಮಾ ಅನ್ನುತ್ತೇನೆ. ಹಾಸು ಮಗ್ಗಕ್ಕೇರಿತು, ಮೈ ನೇಯ್ಗೆ ಸರಾಗ ನಡೆಯಿತು. ನನ್ನ ಸೊಂಟ ನೋಯುತ್ತಿತ್ತು, ಮನಸ್ಸು ಮಾತ್ರ ಹಾರಾಡುತ್ತಿತ್ತು.

ಆ ದಿನಗಳಲ್ಲೇ ಟೀವಿಯಲ್ಲಿ ಆ ಪ್ರಧಾನಿಯ ಸುದ್ದಿ ಬರತೊಡಗಿತು. ದೇಶದ ಹೆಸರು ಬರೆಯಬೇಡ ಎಂದಿದ್ದಾಳೆ ಮೊಮ್ಮಗಳು, ಬರೆಯುವುದಿಲ್ಲ. ಅವನ ತಾಯಿಯ ಕಡೆಯವರು ಯಹೂದಿಗಳಂತೆ. ತಾಯಿಯ ಅಪ್ಪ ಬಟ್ಟೆ ಹೊಲಿಯುವವನಾಗಿದ್ದನಂತೆ. ಅವನ ಊರಲ್ಲಿ ಯಹೂದಿಗಳನ್ನು ಹುಡುಕಿ ಹುಡುಕಿ ಕೊಲ್ಲುತ್ತಿದ್ದ ಕಾಲಕ್ಕೆ ಕತ್ತರಿಯೊಂದನ್ನು ಹಿಡಿದುಕೊಂಡು ಓಡಿ ಬಂದು, ಈಗ ಮೊಮ್ಮಗ ಆಳುವ ದೇಶ ಸೇರಿದನಂತೆ. ಟೀವಿಯಲ್ಲಿ ಆ ಅಜ್ಜನ ಹಳೆಯ ಫೋಟೋ ತೋರಿಸಿದರು. ಕೊರಳಲ್ಲಿ ಅಳತೆಪಟ್ಟಿ. ನನಗೆ ಕಣ್ಣೀರು ಬಂತು. "ಬಟ್ಟಿ ಮಂದಿರೀ ಇವರು, ನಮ್ಮಂಗ" ಅಂದೆ ಯಜಮಾನರಿಗೆ.

ಇಲ್ಲಿ ನಮ್ಮ ಮನೆಯ ರೂಢಿಯೊಂದನ್ನು ಹೇಳಬೇಕು. ಗುರುತಿನವರಿಗೆಂದು ಸೀರೆ ನೇಯುವಾಗ ನಮ್ಮ ಅತ್ತೆ ಸೆರಗಿನ ಮೂಲೆಯಲ್ಲಿ ಉಡುವವಳ ತಾಯಿಯ ತವರಿನ ಗುರುತೊಂದನ್ನು ಇಡುತ್ತಿದ್ದರು. ತಾಯಿಯ ತವರು ಮುಧೋಳವಾದರೆ ಒಂದು ಸಣ್ಣ ಬೇಟೆ ನಾಯಿ, ಅನಗವಾಡಿಯಾದರೆ ಹೊಳೆಯ ಎರಡು ಅಲೆ. ಅಪ್ಪನ ಹೆಸರು ಹೇಗೂ ಜೊತೆಗಿರುತ್ತದೆ, ತಾಯಿ ಬಿಟ್ಟು ಬಂದ ಊರನ್ನು ಯಾರಾದರೂ ನೆನಪಿಡಬೇಕಲ್ಲ ಎಂಬುದು ಅವರ ಲೆಕ್ಕ. ನಾನೂ ಅದನ್ನೇ ಮಾಡಿಕೊಂಡು ಬಂದವಳು. ಎಷ್ಟೋ ಹೆಣ್ಣುಮಕ್ಕಳು ಆ ಗುರುತನ್ನು ಕಂಡು ನನ್ನ ಕೈ ಹಿಡಿದು ಅತ್ತಿದ್ದಾರೆ.

ಸೆರಗಿಗೆ ಬಂದಾಗ ನನಗೆ ತಡೆಯಲಾಗಲಿಲ್ಲ. ಪರದೇಶದ ಪ್ರಧಾನಿ, ನನ್ನ ಮೊಮ್ಮಗಳ ಅತಿಥಿ. ಅವನ ತಾಯಿಯ ತವರನ್ನು ನಾನು ನೆನೆಯದೆ ಹೇಗಿರಲಿ? ಟೀವಿಯಲ್ಲಿ ಯಹೂದಿಗಳ ಮಾತು ಬಂದಾಗಲೆಲ್ಲ ಒಂದು ಆರು ಮೂಲೆಯ ನಕ್ಷತ್ರ ಕಾಣುತ್ತಿತ್ತು, ನೀಲಿಯದು. ನೀಲಿ ರೇಷ್ಮೆ ಮನೆಯಲ್ಲಿತ್ತು. ಹಾಸಿನ ಎಳೆಗಳನ್ನು ಬೆರಳಲ್ಲಿ ಎತ್ತಿ ಎತ್ತಿ, ಹೊಕ್ಕಿನ ಜೊತೆಗೆ ಆ ನೀಲಿಯನ್ನು ಸೇರಿಸಿ ನಕ್ಷತ್ರ ಕೂಡಿಸಿದೆ. ಬೇರೆಯವರಿಗಾದರೆ ಮೂಲೆಯಲ್ಲಿ ಬೆರಳುಗುರಿನಷ್ಟು ಇಡುತ್ತೇನೆ. ಹಿಗ್ಗಿನಲ್ಲಿ ಇದು ಸೆರಗಿನ ನಟ್ಟನಡುವೆ ಅಂಗೈಯಷ್ಟಾಯಿತು. ಯಜಮಾನರು ನೋಡಿ, "ಹುಡುಗಿ ಬ್ಯಾಡ ಅಂದಿತ್ತಲ್ಲ?" ಅಂದರು. "ನೋಡಿದ ಮ್ಯಾಲ ಕುಣಿತಾಳ, ಸುಮ್ಮಿರ್ರಿ" ಅಂದೆ.

ಶಾಲು ಮುಗಿಯುವ ಹೊತ್ತಿಗೆ ಮೊಮ್ಮಗಳು ತಾನೇ ಬಂದಳು. ಬ್ಯಾಗು ಕೆಳಗಿಟ್ಟವಳೇ ಮಗ್ಗದ ಹತ್ತಿರ ಬಂದು ಬಗ್ಗಿ ನೋಡಿದಳು. ಕುಣಿಯಲಿಲ್ಲ. ಬಾಯಿಯ ಮೇಲೆ ಕೈಯಿಟ್ಟುಕೊಂಡು ಹಾಗೇ ನಿಂತಳು.

"ಆಯಿ, ಏನ್ ಮಾಡಿಟ್ಟಿ ಬೇ ಇದು?"

"ಅವರ ತಾಯಿ ತವರಿನ ಗುರುತು ಯವ್ವಾ. ಚಂದ ಆಗಿಲ್ಲೇನು?"

"ಚಂದ ಆಗೇತಿ. ಅದ ತ್ರಾಸ." ಕೆಳಗೆ ಕೂತಳು. "ನೀ ಹಾಕಿದ್ದು ಇಸ್ರೇಲ್ ದೇಶದ ಬಾವುಟದ ನಕ್ಷತ್ರ, ಅದೂ ಅದ ನೀಲಿ. ಇವರು ಆ ದೇಶದವರಲ್ಲ. ಇವರು ಹುಟ್ಟಿದ್ದೂ ಆಳಾಕತ್ತಿದ್ದೂ ಬ್ಯಾರೆ ಒಂದು ದೇಶ."

"ನನಗೇನ ಗೊತ್ತು? ತಾಯಿ ಕಡಿಯವರು ಯಹೂದಿ ಅಂದ್ರು, ಹಾಕಿದೆ."

ಆಗ ಅವಳು ಕೂತು ನನಗೆ ತಿಳಿಸಿ ಹೇಳಿದಳು. ಇಸ್ರೇಲಿನ ಕಡೆ ಯುದ್ಧ ನಡೆದಿದೆ. ಈ ಪ್ರಧಾನಿಯ ದೇಶ ಮೊದಲಿನಿಂದಲೂ ಇಸ್ರೇಲಿಗೆ ಮದ್ದುಗುಂಡು ಮಾರುತ್ತಿತ್ತು. ಯುದ್ಧ ಶುರುವಾದಾಗ ಇವನು ಇಸ್ರೇಲಿನಲ್ಲಿ ಸತ್ತವರ ಮನೆಗಳಿಗೆ ಹೋಗಿ ಕೂತು ಬಂದ. ಆಗ ಇವನ ದೇಶದಲ್ಲಿ ವಿರೋಧಿಗಳು, ನೋಡಿರಿ, ತಾಯಿಯ ರಕ್ತ ಎಳೆಯಿತು ಅಂದರು. ಮುಂದೆ ಎದುರು ಕಡೆಯ ಮಕ್ಕಳು ಸಾಯುವುದು ಹೆಚ್ಚಾದಾಗ ಮದ್ದುಗುಂಡು ಮಾರುವುದನ್ನು ನಿಲ್ಲಿಸಿ, ಅವರಿಗೆ ಅನ್ನ, ಔಷಧ ಕಳಿಸಿದ. ಆಗ ಇವನ ತಾಯಿಯ ಕಡೆಯವರಲ್ಲೇ ಕೆಲವರು ಮನೆಗೆ ದ್ರೋಹ ಬಗೆದವನು ಎಂದು ಉಗಿದರು. ಏನು ಮಾಡಿದರೂ, ಮಾಡಿದ್ದು ಸರಿಯೋ ತಪ್ಪೋ ಎಂದು ಯಾರೂ ಕೇಳುತ್ತಿಲ್ಲ. ತಾಯಿ ಯಾರು ಎಂದೇ ಕೇಳುತ್ತಿದ್ದಾರೆ.

"ಅಂಥಾದ್ರೊಳಗ ನಮ್ಮ ದೇಶದವರು ಎಲ್ಲಾ ಕ್ಯಾಮೆರಾ ಮುಂದ ಇದನ್ನ ಅವರಿಗೆ ಹೊಚ್ಚಿದ್ರ ಏನಾಕ್ಕೈತಿ ಹೇಳು. ನೀನೂ ಅವರ ಪೈಕಿನ ಅಂತ ನಾವ ಚೀಟಿ ಅಂಟಿಸಿದಂಗ ಆಕ್ಕೈತಿ."

ನನಗೆ ಸಿಟ್ಟು ಬಂತು. ಸುಳ್ಳು ಯಾಕೆ ಹೇಳಲಿ? "ತಾಯಿ ತವರು ಅಂದ್ರ ನಾಚಿಕಿ ಪಡೂದೇನೈತಿ? ಅವನೇನು ಮುಚ್ಚಿಟ್ಟಾನೇನು?"

"ಇಲ್ಲ, ಮುಚ್ಚಿಟ್ಟಿಲ್ಲ."

"ಮತ್ತ?"

"ಅವರು ತಾವಾಗಿ ಹೇಳೂದು ಬ್ಯಾರೆ ಆಯಿ, ನಾವು ಹೆಗಲ ಮ್ಯಾಲ ಹೇರೂದು ಬ್ಯಾರೆ."

ಆ ಮಾತು ಅವತ್ತು ನನ್ನ ತಲೆಗೆ ಹತ್ತಲಿಲ್ಲ. ಅವಳಿಗಾಗಿ ಒಪ್ಪಿದೆ, ಅಷ್ಟೇ. ನೀಲಿ ರೇಷ್ಮೆಯನ್ನು ಕಿತ್ತು ತೆಗೆಯುತ್ತೇನೆ ಅಂದೆ. ಮೈ ಹೊಕ್ಕಿಗೆ ಧಕ್ಕೆಯಾಗದಂತೆ ಮೇಲೆ ಕೂಡಿಸಿದ ಎಳೆಯನ್ನು ಸೂಜಿಯಿಂದ ಎಬ್ಬಿಸಿ, ತುಂಡು ತುಂಡಾಗಿ ಕತ್ತರಿಸಿ, ಹಿಂದಿನಿಂದ ಎಳೆಯಬೇಕು. ಜೋರಾಗಿ ಎಳೆದರೆ ಹಾಸು ಹರಿಯುತ್ತದೆ. ನಾನು ಎಬ್ಬಿಸಿಕೊಟ್ಟೆ, ಕಣ್ಣು ಚುರುಕಿದ್ದ ಅವಳು ಎಳೆದಳು. ಎಲ್ಲ ತೆಗೆದ ಮೇಲೆ ಬಟ್ಟೆಗೆ ನೀರು ಚಿಮುಕಿಸಿ, ಎಳೆಗಳು ಕೂಡಿಕೊಳ್ಳಲಿ ಎಂದು ಉಗುರಿನಿಂದ ತಿಕ್ಕಿದೆ. ಒಣಗಿದ ಮೇಲೆ ಚಂದ ಕಂಡಿತು. ನಾನು ಗೆದ್ದೆ ಅಂದುಕೊಂಡೆ.

ಅವಳು ಮಗ್ಗದಲ್ಲೇ ಇದ್ದ ಸೆರಗಿನ ಕೆಳಗೆ ಬಗ್ಗಿ, ಕಿಟಕಿಯ ಬೆಳಕಿಗೆ ಎದುರಾಗಿ ನೋಡಿದಳು.

ನಕ್ಷತ್ರ ಅಲ್ಲೇ ಇತ್ತು. ನೀಲಿ ಹೋಗಿತ್ತು, ಆದರೆ ಆ ಎಳೆಗಳು ಕೂತಿದ್ದ ಜಾಗದಲ್ಲಿ ಹಾಸು ಅಗಲವಾಗಿ, ಬೆಳಕು ನುಗ್ಗಿ, ಆರೂ ಮೂಲೆ ಎದ್ದು ಕಾಣುತ್ತಿದ್ದವು. ಕಿತ್ತು ತೆಗೆದದ್ದು ಎಂದು ಕುರುಡನಿಗೂ ಗೊತ್ತಾಗುವಂತಿತ್ತು.

"ಇದು ಅದಕ್ಕಿಂತ ಹೊಲಸು" ಅಂದಳು ಅವಳು ಸಣ್ಣ ದನಿಯಲ್ಲಿ. "ಯಹೂದಿ ಗುರುತು ಕಿತ್ತು ಹಾಕಿ ಕೊಟ್ರು ಅಂತ ಬರೀತಾರ. ಅವರ ಅಜ್ಜ ಓಡಿ ಬಂದಿದ್ದ ಅದಕ್ಕ ಅಲ್ಲೇನು, ಕಿತ್ತು ಹಾಕಾವರ ಕೈಯಾಗಿಂದ?"

ಇಷ್ಟು ವರ್ಷ ಮಗ್ಗದಲ್ಲಿ ಕೂತವಳು ನಾನು, ಬಟ್ಟೆಯನ್ನು ನೋಡಿ ಹಾಗೆ ಹೆದರಿದ್ದು ಅದೇ ಮೊದಲು.

ಅವಳು ಅಳಲಿಲ್ಲ. ಕಚೇರಿಗೆ ಫೋನ್ ಮಾಡಿ, ಶಾಲು ಆಗಲಿಲ್ಲ, ಅಂಗಡಿಯಿಂದಲೇ ತರಿಸಿಕೊಳ್ಳಿ ಎಂದು ಹೇಳುತ್ತೇನೆ ಅಂದಳು. "ಹೋಗ್ಲಿ ಬಿಡು ಆಯಿ, ಮಾತು ಕೇಳಿ ಕೇಳಿ ರೂಢಿ ಆಕ್ಕೈತಿ" ಎಂದು ನನಗೇ ಸಮಾಧಾನ ಹೇಳಿದಳು. ಅದನ್ನು ನಾನು ತಡೆದುಕೊಳ್ಳಲಾರದೆ ಹೋದೆ.

"ಫೋನ್ ಕೆಳಗಿಡು. ಹೊಸಾದು ನೇಯ್ತೀನಿ."

"ದಿನಾ ಎಲ್ಯದಾವ?"

"ಅದನ್ನ ನನಗ ಬಿಡು."

ಬಾಯಲ್ಲಿ ಅಂದುಬಿಟ್ಟೆ. ಮಗ್ಗದ ಹಿಂದೆ ನೋಡಿದರೆ ಉಳಿದ ಹಾಸು ಇನ್ನೊಂದು ಶಾಲಿಗೆ ಸಾಲುವಂತಿರಲಿಲ್ಲ. ಹೊಕ್ಕಿನ ರೇಷ್ಮೆ ಉಳಿದಿತ್ತು, ಆದರೆ ಹೊಸ ಹಾಸು ಹೂಡಲು ಹತ್ತಿ ನೂಲು ಬೇಕು, ಅದಕ್ಕೆ ಅದೇ ದಾಳಿಂಬೆ ಬಣ್ಣ ಬೇಕು. ಬೇರೆ ದಿನ ಕಾಯಿಸಿದ ಬಣ್ಣ ಬೇರೆಯಾಗಿಯೇ ಬರುತ್ತದೆ, ಹಾಸೊಂದು ಬಗೆ ಹೊಕ್ಕೊಂದು ಬಗೆಯಾಗಿ ಬಿಸಿಲಲ್ಲಿ ಗೊತ್ತಾಗಿಬಿಡುತ್ತದೆ. ಹತ್ತಿ ನೂಲಿನ ಲಡಿಗಳನ್ನು ಚೀಲಕ್ಕೆ ಹಾಕಿಕೊಂಡು ರಬಕವಿಗೆ ಹೋದೆ.

ಬಣ್ಣಗಾರ ಒಲೆಯ ಮುಂದೆ ಕೂತಿದ್ದ. ತೋಳಿನವರೆಗೂ ಕೆಂಪು. ನಡೆದದ್ದನ್ನೆಲ್ಲ ಹೇಳಿ, "ನಾ ಮಾಡಿದ್ದು ತಪ್ಪೇನು ತಮ್ಮಾ? ತಾಯಿ ತವರು ನೆನಸಿದ್ರ ಬೈಸಿಕೊಳ್ಳೂದಾತು" ಅಂದೆ.

ಕೋಲಿನಿಂದ ಬಣ್ಣ ತಿರುವಿದ. ಆಮೇಲೆ ಕೇಳಿದ, "ಅಕ್ಕಾರ, ನಾ ದಿನಾ ಚಹಾ ಕುಡ್ಯಾಕ ಹೋಗ್ತೀನಲ್ರೀ, ಬಾಜೂಕಿನ ಅಂಗಡಿಗಿ?"

"ಹೂಂ."

"ಎಲ್ಲೇರ ಬಾಂಬ್ ಬಿತ್ತು ಅಂತ ಟೀವಿಯೊಳಗ ಬಂದ್ರ ಸಾಕು, ಇಡೀ ಅಂಗಡಿ ನನ್ನ ಮಾರಿ ನೋಡತೈತಿ. 'ಏನಪಾ, ನಿಮ್ಮವ್ರು ಏನಂತಾರ?' ಅಂತಾರ. ನಾ ಏನ್ ಅನ್ಲಿ? ನಮ್ಮವ್ರು ಅಂದ್ರ ನನ್ನ ಹೇಣ್ತಿ. ಆಕಿ ಗ್ಯಾಸ್ ಮುಗದೈತಿ ಅಂತಾಳ."

ನಾನು ನಕ್ಕೆ. ಅವನೂ ನಕ್ಕ, ಆದರೆ ಅರ್ಧಕ್ಕೇ ನಿಲ್ಲಿಸಿದ.

"ಹುಟ್ಟಿದ್ದು ಇಲ್ಲೆ. ಸಾಲಿ ಕಲ್ತಿದ್ದು ಇಲ್ಲೆ. ನಮಾಜ್ ಮಾಡ್ತೀನಿ, ಯಾರಿಗೂ ಮುಚ್ಚಿಲ್ಲ. ಆದ್ರ ಚಹಾ ಕುಡ್ಯಾಕ ಹೋದಾಗ ನಾ ಬರೇ ಚಹಾ ಕುಡ್ಯಾಂವ ಆಗಿರಬೇಕ ಅನಸ್ತೈತಿ ಅಕ್ಕಾರ. ಸತ್ತ ಹುಡುಗರನ್ನ ನೋಡಿದ್ರ ನನಗೂ ಹೊಟ್ಯಾಗ ಬೆಂಕಿ ಬೀಳತೈತಿ. ಆದ್ರ ಅದು ಯಾಂವ ನೋಡಿದ್ರೂ ಬೀಳಬೇಕಲ್ಲ? ನನ್ನನ್ನ ಒಬ್ಬನ್ನ ಯಾಕ ಕೇಳ್ತಾರ?"

ಮೊಮ್ಮಗಳು ಹೇಳಿದ ಮಾತು ಆಗ ನನ್ನ ಎದೆಗೆ ಬಂದು ಕೂತಿತು. ನಾನು ಪ್ರೀತಿಯಿಂದ ಇಟ್ಟ ಗುರುತು, ಅವನನ್ನು ಅಂಗಡಿಯ ಮಂದಿ ನೋಡುವ ನೋಟ, ಎರಡೂ ಬೇರೆಯೇ. ಆದರೆ ಹೊತ್ತುಕೊಂಡು ನಿಲ್ಲುವವನಿಗೆ ಭಾರ ಒಂದೇ.

"ಆ ಪ್ರಧಾನಿ ಯಾರ ಕಡಿ ಅದಾನ?" ಎಂದು ಅವನು ಕೇಳಿದ.

"ಎರಡೂ ಕಡಿಯಿಂದ ಬೈಸಿಕೊಳ್ಳಾಕತ್ತಾನಂತ."

"ಹಂಗಾರ ಬಣ್ಣ ಹಚ್ಚಿ ಕೊಡಬೇಕ ಬಿಡ್ರಿ ಅವನಿಗೆ" ಎಂದು ಲಡಿಗಳನ್ನು ನನ್ನ ಕೈಯಿಂದ ತೆಗೆದುಕೊಂಡ.

ಹೊಕ್ಕಿಗೆ ಉಳಿದಿದ್ದ ರೇಷ್ಮೆ ಸುತ್ತಿದ ಕಂಡಿಕೆಯೊಂದನ್ನು ಪಕ್ಕದಲ್ಲಿಟ್ಟುಕೊಂಡು, ಒಂದೊಂದು ಲಡಿಯನ್ನು ಅದ್ದಿ ತೆಗೆದು, ಹಿಂಡಿ, ಬಿಸಿಲಿಗೆ ಹಿಡಿದು ಹೋಲಿಸಿದ. ಮೊದಲ ಸಲದ್ದು ಇಟ್ಟಂಗಿಯಂತಾಯಿತು. ಪಕ್ಕಕ್ಕೆ ಎಸೆದ. ಎರಡನೆಯ ಸಲದ್ದು ಹತ್ತಿರ ಬಂತು, ಅವನಿಗೆ ಒಪ್ಪಿಗೆಯಾಗಲಿಲ್ಲ. "ನಡೀತೈತೋ" ಅಂದೆ. "ನಿಮಗ ನಡೀತೈತಿ, ಆ ಹುಡುಗಿಗೆ ನಡ್ಯಾಂಗಿಲ್ಲ" ಅಂದ. ಮರುದಿನ ಕೊಟ್ಟ ನೂಲನ್ನು ಕಂಡಿಕೆಯ ಮೇಲಿಟ್ಟರೆ ಯಾವುದು ಯಾವುದೆಂದು ನನಗೇ ತಿಳಿಯಲಿಲ್ಲ.

ಮನೆಗೆ ಬಂದು ಹಳೆಯ ಶಾಲನ್ನು ಮಗ್ಗದಿಂದ ಕತ್ತರಿಸಿದೆ. ಎಳೆಗಳು ಹಾಯುವ ಹಣಿಗೆಯ ಮುಂದೆ ಕತ್ತರಿ ಹಚ್ಚಿದಾಗ ಯಜಮಾನರು ಹೊರಗೆ ಎದ್ದು ಹೋದರು.

ಹೊಸ ಹಾಸನ್ನು ಓಣಿಯ ಉದ್ದಕ್ಕೂ ಚಾಚಿ ಗಂಜಿ ಹಚ್ಚಿ ಕುಂಚದಿಂದ ತಿಕ್ಕುವುದು ನಮ್ಮಲ್ಲಿ ಬೆಳಗಿನ ಕೆಲಸ. ಗಂಜಿ ಹಚ್ಚುತ್ತಿದ್ದಂತೆ ಮೋಡ ಮುಸುಕಿ ಹನಿ ಬೀಳತೊಡಗಿತು. ಹಸಿ ಗಂಜಿಯ ಮೇಲೆ ನೀರು ಬಿದ್ದರೆ ಎಳೆಗಳು ಒಂದಕ್ಕೊಂದು ಅಂಟಿ ಹಾಸು ಹಗ್ಗವಾಗುತ್ತದೆ. ಓಣಿಯವರೆಲ್ಲ ಓಡಿ ಬಂದು ಅದನ್ನು ಹಾಗೇ ಎತ್ತಿ ಹಿಡಿದರು. ಎದುರುಮನೆಯವರದು ಪವರ್‌ಲೂಮ್ ಶೆಡ್ಡು. ಮಗ್ಗಗಳು ಓಡುತ್ತಿದ್ದರೆ ಅರಳೆಯ ಧೂಳು ಹಸಿ ಗಂಜಿಗೆ ಹತ್ತುತ್ತದೆಂದು ಆ ಯಜಮಾನ ಎಲ್ಲ ಮಗ್ಗ ನಿಲ್ಲಿಸಿ, ಫ್ಯಾನ್ ಹಚ್ಚಿ, ಹಾಸನ್ನು ಒಳಗೆ ಕಟ್ಟಲು ಜಾಗ ಮಾಡಿಕೊಟ್ಟ. "ಪ್ರಧಾನಿ ಬಂದ್ರ ನನ್ನ ಹೆಸರೂ ಹೇಳ್ರಿ, ಕರೆಂಟ್ ಬಿಲ್ ಅವರಿಗೆ ಕಳಸ್ತೀನಿ" ಅಂದ. ಸದ್ದಿಲ್ಲದ ಶೆಡ್ಡಿನಲ್ಲಿ ನಾವು ಕುಂಚ ತಿಕ್ಕಿದೆವು.

ಆಮೇಲಿನದು ಬೆರಳಿನ ಕೆಲಸ. ಹಣಿಗೆಯಲ್ಲಿ ಉಳಿದ ಹಳೆಯ ಹಾಸಿನ ಒಂದೊಂದು ತುದಿಗೂ ಹೊಸ ಹಾಸಿನ ಒಂದೊಂದು ತುದಿಯನ್ನು ಸೇರಿಸಿ, ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆಯಬೇಕು. ಒಂದು ಎಳೆ ತಪ್ಪಿದರೆ ಶಾಲಿನ ಉದ್ದಕ್ಕೂ ಗೆರೆ ಬೀಳುತ್ತದೆ. ನನ್ನ ಬೆರಳಿಗೆ ಈಗ ಮೊದಲಿನ ಹಿಡಿತವಿಲ್ಲ. ಹೊಸೆದದ್ದು ಬಿಚ್ಚಿಕೊಳ್ಳುತ್ತಿತ್ತು. ಮೊಮ್ಮಗಳು ಸುಮ್ಮನೆ ಬಂದು ಎದುರಿಗೆ ಕೂತು ಬೂದಿಗೆ ಬೆರಳದ್ದಿದಳು. ಪರೀಕ್ಷೆಗೆ ಓದುತ್ತಿದ್ದ ಕಾಲದಲ್ಲಿ ಇದೇ ಕೆಲಸ ಮಾಡುತ್ತ ಪಾಠ ಬಾಯಿಪಾಠ ಮಾಡುತ್ತಿದ್ದ ಹುಡುಗಿ. ದಿಲ್ಲಿಯ ಕಚೇರಿಯವಳ ಕೈ ಮರೆತಿರಬಹುದು ಅಂದುಕೊಂಡಿದ್ದೆ. ಮರೆತಿರಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ, ಆ ಚಿಂತೆಯ ನಡುವೆಯೂ ಅವಳ ಬೂದಿ ಬೆರಳಿಗೆ ಮುತ್ತು ಕೊಟ್ಟೆ. "ಕೆಲಸಾ ನೋಡ ಬೇ" ಎಂದು ಗದರಿದಳು.

ಮತ್ತೆ ಸೆರಗಿಗೆ ಬಂದಾಗ ನೀಲಿ ರೇಷ್ಮೆ ಅಲ್ಲೇ ಗೂಡಿನಲ್ಲಿತ್ತು. ಬಿಳಿ ಹಲ್ಲಿನ ಸಾಲನ್ನು ನೇಯ್ದೆ, ನಮ್ಮಲ್ಲಿ ಎಲ್ಲರ ಸೆರಗಿಗೂ ಇರುವಂಥದ್ದು. ನಡುವಿನ ಜಾಗವನ್ನು ಬರಿದಾಗಿ ಬಿಟ್ಟೆ. ಬಿಡುವಾಗ ಮನಸ್ಸು ಚುರ್ ಅಂದಿತು. ಆ ಬಟ್ಟೆ ಹೊಲಿಯುವ ಅಜ್ಜನ ಮುಖ ಕಣ್ಣ ಮುಂದಿತ್ತು. ಅವನಿಗೆ ನಾನು ಮೋಸ ಮಾಡುತ್ತಿದ್ದೇನೆಯೇ? ತಾಯಿಯ ತವರನ್ನು ಹೇಳಿಕೊಳ್ಳಲು ಹೆದರಬೇಕಾದ ಕಾಲ ಒಳ್ಳೆಯದಲ್ಲ ಎಂದಷ್ಟೇ ಅನಿಸುತ್ತದೆ. ಆದರೆ ಆ ಕಾಲವನ್ನು ಸರಿಮಾಡಲು ಇನ್ನೊಬ್ಬರ ಹೆಗಲನ್ನು ಬಳಸುವ ಹಕ್ಕು ನನಗಿಲ್ಲ.

ಮುಗಿದ ಶಾಲನ್ನು ಅವಳು ಕಿಟಕಿಗೆ ಹಿಡಿದಳು. ಬೆಳಕು ಎಲ್ಲ ಕಡೆ ಒಂದೇ ಸಮ ಬಂತು. ಮಡಚಿ, ಮಲ್ ಬಟ್ಟೆಯಲ್ಲಿ ಸುತ್ತಿಕೊಂಡು ಅವತ್ತೇ ಹೊರಟಳು. ನಕ್ಷತ್ರ ಕಿತ್ತ ಹಳೆಯ ಶಾಲು ನನ್ನ ಹತ್ತಿರವೇ ಉಳಿಯಿತು. ಹರಿಯಲೂ ಮನಸ್ಸಾಗಿಲ್ಲ, ಯಾರಿಗಾದರೂ ತೋರಿಸಲೂ ಮನಸ್ಸಾಗಿಲ್ಲ.

ಪ್ರಧಾನಿ ಬಂದ ದಿನ ನಾನು, ಯಜಮಾನರು ರಬಕವಿಗೆ ಹೋದೆವು. ಬಣ್ಣಗಾರನ ಜೊತೆಗೇ ನೋಡಬೇಕೆಂದು ನನ್ನ ಹಟ. ಅವನು ಹೇಳುತ್ತಿದ್ದ ಆ ಚಹಾದ ಅಂಗಡಿಯಲ್ಲೇ ಬೆಂಚಿನ ಮೇಲೆ ಕೂತೆವು. ಟೀವಿಯಲ್ಲಿ ಶಾಲು ಹೊಚ್ಚಿದರು. ನಾನು ಕೂಗಿದ್ದಕ್ಕೆ ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಪ್ರಧಾನಿ ಸೆರಗನ್ನು ಬೆರಳಲ್ಲಿ ಹಿಡಿದು, ಬಟ್ಟೆ ಬಲ್ಲವರ ಹಾಗೆ ಸ್ವಲ್ಪ ಉಜ್ಜಿ ನೋಡಿದ. ಅದನ್ನು ನಾನು ನನ್ನ ಕಣ್ಣಾರೆ ಕಂಡೆ.

ಆಮೇಲೆ ಪತ್ರಿಕೆಯವರು ಪ್ರಶ್ನೆ ಕೇಳಿದರು. ಅವನು ಏನೋ ಹೇಳಿದ, ನನಗೆ ತಿಳಿಯಲಿಲ್ಲ. ಮೊಮ್ಮಗಳೇ ಫೋನ್ ಮಾಡಿದಳು. "ಆಯಿ, ಯುದ್ಧದ ಮಾತೊಳಗ ಮತ್ತ ಅವರ ತಾಯಿನ್ನ ತಗದ್ರು ಬೇ. ಅದಕ್ಕ ಅವರೇನಂದ್ರು ಗೊತ್ತೇನು? 'ನನ್ನ ತಾಯಿ ಸುದ್ದಿ ಬೇಕಾದ್ರ ಊಟಕ್ಕ ಬರ್ರಿ, ಎಲ್ಲಾ ಹೇಳ್ತೀನಿ. ಮದ್ದುಗುಂಡು ಯಾಕ ನಿಲ್ಲಿಸಿದಿ ಅಂತ ಕೇಳಾವರಿದ್ರ ಈಗ ಕೇಳ್ರಿ' ಅಂದ್ರು." ಮೇಲಿನವರು ಏನಂದರು ಎಂದು ಕೇಳಿದೆ. ಮುಂದಿನ ಸಲ ಯಾರಿಗೆ ಏನು ಕೊಡಬೇಕೆಂದು ತನ್ನನ್ನೇ ಕೇಳುತ್ತಾರಂತೆ ಅಂದಳು. ನಾನು ಬಾಯಿಗೆ ಸೆರಗು ಒತ್ತಿಕೊಂಡೆ.

ನಕ್ಷತ್ರವಿಲ್ಲದ ಶಾಲು ಹೊದ್ದು ನಿಂತರೂ ಕೇಳುವವರು ಕೇಳಿಯೇ ಕೇಳಿದ್ದರು. ಅದು ನನ್ನ ಹಿಗ್ಗಿಗೆ ಸ್ವಲ್ಪ ನೀರು ಹಾಕಿತು. ಟೀವಿಯಲ್ಲಿ ಯಾರೋ ಕೂತು ಅವನ ರಕ್ತದ ಬಗ್ಗೆ ಜಗಳ ಶುರು ಮಾಡಿದ್ದರು.

ಚಹಾದ ಅಂಗಡಿಯವನು ಗ್ಲಾಸು ತೊಳೆಯುತ್ತ ಬಣ್ಣಗಾರನ ಕಡೆ ತಿರುಗಿದ. "ಏನಪಾ, ಈ ಪ್ರಧಾನಿ ಬಗ್ಗೆ ನಿಮ್ಮವ್ರು ಏನಂತಾರ?"

ಬಣ್ಣಗಾರನ ಕೈಯಲ್ಲಿದ್ದ ಬಶಿ ತುಟಿಯ ಹತ್ತಿರವೇ ನಿಂತಿತು.

"ನಿಮ್ಮವ್ರು ಅಂದ್ರ ಯಾರೋ?" ಅಂದೆ ನಾನು. ಬೆಂಚಿನ ಮೇಲಿದ್ದವರೆಲ್ಲ ನನ್ನ ಕಡೆ ನೋಡಿದರು. "ಆ ಶಾಲಿನ ಬಣ್ಣ ಹಾಕಿದಾಂವ ಇವ. ಕೇಳೂದಿದ್ರ ಬಣ್ಣದ ಬಗ್ಗೆ ಕೇಳು."

ಅಂಗಡಿಯವನು ನನ್ನನ್ನೂ ಅವನನ್ನೂ ಒಮ್ಮೆ ನೋಡಿದ. ಗ್ಲಾಸು ಕೆಳಗಿಟ್ಟ. "ಆತ್ರಿ ಯವ್ವಾರ" ಎಂದವನು ಅವನಿಗೆ ಕೇಳಿದ, "ಹೆಂಗ ಬಂದೈತಿ ಬಣ್ಣ?"

ಬಣ್ಣಗಾರ ಬಶಿಯ ಚಹಾವನ್ನು ಪೂರ್ತಿ ಕುಡಿದು ಮುಗಿಸಿದ. ಕಣ್ಣು ಕಿರಿದು ಮಾಡಿ ಟೀವಿ ನೋಡಿದ.

"ಖರೆ ಹೇಳ್ಬೇಕಂದ್ರ, ಸೊಲ್ಪ ಕಪ್ಪಿಗಿ ತಿರಗಿದಂಗ ಕಾಣಾಕತ್ತೈತಿ" ಅಂದ. "ನಂದೇನ ತಪ್ಪಿಲ್ಲ. ಟೀವಿ ನಿಂದ ಹಳೇದು."

ಅಂಗಡಿಯವನು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, ಟೀವಿಯ ಬಣ್ಣ ಸರಿಮಾಡಲು ಸ್ಟೂಲು ಹತ್ತಿದ.